ಮೂತ್ರಚೀಲಕ್ಕೆ ಕೊರೆದ ಟೇಪ್, ರೋಬೋಟ್‌ನಲ್ಲಿ ತೆಗೆದದ್ದು: ನನ್ನ ಅನುಭವ

"ಒಂದು ಸೆಂಟಿಮೀಟರ್ ಅಗಲದ ಟೇಪ್ ತೆಗೆಯೋಕೆ ರೋಬೋಟ್ ಬೇಕೇನ್ರೀ?" ಮೊದಲ ಕೇಸ್‌ನ ಹಿಂದಿನ ದಿನ ನಮ್ಮ ಹಿರಿಯ ಸರ್ಜನ್ ಕೇಳಿದ್ದರು. ಈಗ 11 ಕೇಸ್ ಆಗಿವೆ. ಹೋದ ತಿಂಗಳು ಅವರೇ ಒಬ್ಬ ರೋಗಿಯನ್ನು ನನ್ನ ಹತ್ತಿರ ಕಳಿಸಿದರು.

ಸೋತದ್ದನ್ನು ಮೊದಲು ಹೇಳುತ್ತೇನೆ. ಕೆಮ್ಮಿದರೆ ಮೂತ್ರ ಸೋರುತ್ತದೆ ಅಂತ ಟಿವಿಟಿ, ಅಂದರೆ ಮೂತ್ರನಾಳದ ಕೆಳಗೆ ಆಸರೆಯಾಗಿ ಕೂರಿಸುವ ಸಿಂಥೆಟಿಕ್ ಜಾಲರಿ ಟೇಪ್, ಹಾಕಿಸಿಕೊಂಡಿದ್ದ ಒಬ್ಬ ತಾಯಿ, 50 ದಾಟಿದವರು. 6 ವರ್ಷದ ಮೇಲೆ ಉರಿ, ರಕ್ತ, ಬಿಡದ ಇನ್‌ಫೆಕ್ಷನ್. ಸಿಸ್ಟೋಸ್ಕೋಪಿ (ಮೂತ್ರಚೀಲದೊಳಗೆ ಕ್ಯಾಮೆರಾ ಹಾಕಿ ನೋಡುವುದು) ಮಾಡಿದರೆ ಟೇಪ್ ಮೂತ್ರಚೀಲದೊಳಗೆ ಬಂದು, ಅದರ ಮೇಲೆ ಕಲ್ಲು ಕಟ್ಟಿತ್ತು. ಹೋಲ್ಮಿಯಂ ಲೇಸರ್‌ನಲ್ಲಿ ಕಲ್ಲು ಒಡೆದು, ಕಂಡಷ್ಟು ಟೇಪ್ ಕತ್ತರಿಸಿದೆ. 8 ತಿಂಗಳಿಗೆ ಅಲ್ಲೇ ಮತ್ತೆ ಕಲ್ಲು. ಮತ್ತೆ ಲೇಸರ್. ಮೂರನೇ ಸಲ ಯೋನಿಯ ಕಡೆಯಿಂದ ಹೋಗಿ ಎಳೆದೆ. ಟೇಪ್ ಹರಿದು ಅರ್ಧ ಮೇಲೆಯೇ ಉಳಿಯಿತು. ಅಷ್ಟರಲ್ಲಿ ಆ ಮನೆಯವರಿಗೆ 2 ಲಕ್ಷದ ಹತ್ತಿರ ಖರ್ಚಾಗಿತ್ತು. "ಡಾಕ್ಟ್ರೇ, ಇನ್ನು ಅಡ ಇಡೋಕೆ ಏನೂ ಉಳಿದಿಲ್ಲ" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ರೋಬೋಟ್ ಅಂದರೆ ಇನ್ನೂ ಒಂದೂವರೆ ಲಕ್ಷ ಜಾಸ್ತಿ. ಆಡಳಿತದವರ ಹತ್ತಿರ ನಾಲ್ಕು ಸಲ ಹೋಗಿ ಕೂತು ಅರ್ಧ ಬಿಡಿಸಿದೆ. ರೋಬೋಟ್‌ನ ನಾಲ್ಕನೇ ಕೈ (ಆರ್ಮ್) ಬಳಸಲಿಲ್ಲ. ಕತ್ತರಿ, ರಕ್ತ ನಿಲ್ಲಿಸುವ ಬೈಪೋಲಾರ್, ಹೊಲಿಯುವ ಸೂಜಿ ಹಿಡಿಯಲು ಒಂದೇ ನೀಡಲ್ ಡ್ರೈವರ್, ಇಷ್ಟರಲ್ಲೇ ಮುಗಿಸಿದೆ. ಸುಮಾರು 15 ಸಾವಿರ ಅಲ್ಲೇ ಉಳಿಯಿತು.

ದಾರಿ ಯುರಾಲಜಿಸ್ಟ್‌ಗಳಿಗೆ ಗೊತ್ತಿರುವುದೇ, ಪ್ರಾಸ್ಟೇಟ್ ಆಪರೇಷನ್‌ಗೆ ಹೋಗುವ ಹಾಗೆ ಪ್ಯೂಬಿಕ್ ಮೂಳೆಗೂ ಮೂತ್ರಚೀಲಕ್ಕೂ ನಡುವಿನ ರೆಟ್ಜಿಯಸ್ ಜಾಗ ಬಿಡಿಸುವುದು. ಪ್ಯೂಬಿಕ್ ಮೂಳೆಯ ಹಿಂದೆ ಬಿಳಿ ಗಾಯದ ನಡುವೆ ಟೇಪ್‌ನ ನೀಲಿ ಎಳೆ ಕಂಡ ಕ್ಷಣ ಆಪರೇಷನ್ ಥಿಯೇಟರ್‌ನಲ್ಲಿ (ಓಟಿ) ಎಲ್ಲರೂ "ಬಂತು" ಅಂದರು. ಅಲ್ಲಿಂದ ಕೆಳಕ್ಕೆ ಬಿಡಿಸುತ್ತಾ ಬಂದೆ. ಎಳೆಯಲೇಬೇಡಿ, ಎಳೆದರೆ ಹರಿಯುತ್ತದೆ. ಮೂತ್ರಚೀಲದ ಅಂಚು ಗೊತ್ತಾಗದಿದ್ದರೆ ಒಳಗೆ ಸಿಸ್ಟೋಸ್ಕೋಪ್ ಇಟ್ಟು ರೋಬೋಟ್‌ನ ಬೆಳಕು ತಗ್ಗಿಸಿ, ಒಳಗಿನ ಬೆಳಕಿನಲ್ಲಿ ಅಂಚು ಕಾಣುತ್ತದೆ. ಇದನ್ನು ನಾನು ಎರಡನೇ ಕೇಸ್‌ನಲ್ಲಿ ಬೇಡದ ಜಾಗದಲ್ಲಿ ಚೀಲ ತೆರೆದ ಮೇಲೆ ಕಲಿತೆ. ಮೂತ್ರನಾಳದ (ಯುರೆತ್ರಾ) ಪಕ್ಕದ ಕೊನೆಯ ಎರಡು ಸೆಂಟಿಮೀಟರ್ ಬಿಡಿಸಲು ಕೈಗೆ ಹತ್ತಿದ ಒಂದು ಉಪಾಯ ಇದೆ. ಅದನ್ನು ಬರೆದು ಹೇಳಲಾಗದು, ಓಟಿಗೆ ಬಂದರೆ ತೋರಿಸುತ್ತೇನೆ.

ನಡುವೆ ಐಸಿಜಿ, ಅಂದರೆ ರಕ್ತ ಹರಿಯುವ ಕಡೆ ವಿಶೇಷ ಕ್ಯಾಮೆರಾದಲ್ಲಿ ಹೊಳೆಯುವ ಬಣ್ಣ, ಹಾಕಿಯೂ ನೋಡಿದೆ. ಸುತ್ತಲಿನ ಮಾಂಸ ಹಸಿರಾಗಿ ಹೊಳೆದು ಟೇಪ್ ಕಪ್ಪಗೆ ಕಾಣಬಹುದು ಅನ್ನೋ ಆಸೆ. ಗಾಯದ ಗಂಟೂ ಕಪ್ಪಗೇ ಕಂಡಿತು. ದುಡ್ಡು ಸುಮ್ನೆ ಹೋಯಿತು, ಬಿಟ್ಟೆ.

ಮೊದಲ ಕೇಸ್ ನಾಲ್ಕೂವರೆ ಗಂಟೆ ಹಿಡಿಯಿತು, ಈಗ ಎರಡೂವರೆ. ಚೀಲ ಎರಡು ಪದರದಲ್ಲಿ ಹೊಲಿದು, ಕ್ಯಾಥೆಟರ್ 12-14 ದಿನ. ಆ ತಾಯಿಗೆ ಎರಡು ವರ್ಷವಾಯಿತು, ಕಲ್ಲು ಬಂದಿಲ್ಲ. ಸೋರಿಕೆ ಮಾತ್ರ ಮರಳಿತು, 11ರಲ್ಲಿ ನಾಲ್ವರಿಗೆ ಹಾಗಾಗಿದೆ. ಇದನ್ನು ಮೊದಲೇ ಕೂರಿಸಿ ಹೇಳಬೇಕು. ಇಬ್ಬರಿಗೆ 6 ತಿಂಗಳು ಬಿಟ್ಟು ಅವರದೇ ಹೊಟ್ಟೆಯ ಸ್ನಾಯುವಿನ ಮೇಲಿನ ಗಟ್ಟಿ ಪದರದಿಂದಲೇ (ಫೇಶಿಯಾ) ಮೂತ್ರನಾಳಕ್ಕೆ ಆಸರೆಪಟ್ಟಿ (ಸ್ಲಿಂಗ್) ಮಾಡಿದೆ. ಆ ತಾಯಿ ಬೇಡ ಅಂದರು. "ಪ್ಯಾಡ್ ಸಾಕಪ್ಪ, ನೋವಿಲ್ವಲ್ಲ."

ಟಿಓಟಿ, ಅಂದರೆ ತೊಡೆಸಂದಿಯ ಮೂಲಕ ಹಾಕುವ ಟೇಪ್, ಹಾಕಿಸಿಕೊಂಡು ಅಲ್ಲಿ ನೋವು ಅಂತ ಬರುವವರಿಗೆ ಈ ದಾರಿ ನಡೆಯದು. ಆ ಟೇಪ್‌ನ ತುದಿ ತೊಡೆಯಲ್ಲಿರುತ್ತದೆ, ಹೊಟ್ಟೆಯೊಳಗಿಂದ ರೋಬೋಟ್ ಅಲ್ಲಿಗೆ ಮುಟ್ಟದು. ಅವರಿಗೆ ತೊಡೆಸಂದಿಯಲ್ಲೇ ಕೊಯ್ಯುತ್ತಿದ್ದೇನೆ.