ಡಬ್ಲಿನ್ನಲ್ಲಿದ್ಕೊಂಡು ಮಧುಗಿರಿ ಕಡೆ ತೊಟ್ಟಿ ಮನೆ ರಿಪೇರಿ ಮಾಡ್ಸೋದು ಹೇಗೆ?

ಪಕ್ಕದ್ಮನೆ ಹುಡುಗ ವಾಟ್ಸಾಪಲ್ಲಿ ಒಂದು ಫೋಟೋ ಕಳ್ಸಿ ಕೆಳಗೆ "ಅಣ್ಣ, ನಿಮ್ಮನೆ ಒಳಗಿಂದ ಆಕಾಶ ಕಾಣ್ತೈತೆ" ಅಂತ ಬರ್ದಿದ್ದ. ಮಧ್ಯೆ ಬಯಲು ಅಂಗಳ ಇರೋ ತೊಟ್ಟಿ ಮನೇಲಿ ಆಕಾಶ ಕಾಣ್ದೆ ಇನ್ನೇನು ಕಾಣುತ್ತೆ ಅಂತ ನಾನು ನಗೋ ಎಮೋಜಿ ಹಾಕ್ದೆ, ಆಮೇಲೆ ದೊಡ್ಡದು ಮಾಡಿ ನೋಡಿದ್ರೆ ಅದು ತೊಟ್ಟಿ ಅಲ್ಲ, ನಡುಮನೆ.

ನಮ್ಮೂರು ಮಧುಗಿರಿ ಕಡೆ. ನಾನಿರೋದು ಡಬ್ಲಿನ್ ಹತ್ರ, ಇಲ್ಲಿ ಮನೆ ಸಾಲ ಕಟ್ತಾ, ಮಕ್ಕಳನ್ನ ಸ್ಕೂಲಿಗೆ ಬಿಡ್ತಾ, ಅಲ್ಲಿ ತಾತನ ಮನೆ ಬೀಳದ ಹಾಗೆ ನೋಡ್ಕೊಳ್ಳೋಕೆ ಮೂರು ಬೇಸಿಗೆ ಹಿಡೀತು. ಪೂರ್ತಿ ಮುಗಿದಿಲ್ಲ ಇನ್ನೂ. ಇಡೀ ಮನೇನ ಒಂದೇ ಸಲ ಚೆಂದ ಮಾಡ್ಬಿಡ್ತೀನಿ ಅನ್ನೋ ಆಸೆ ಇದ್ರೆ ಮೊದ್ಲೇ ಬಿಟ್ಬಿಡಿ, ದೂರದಿಂದ ಅದು ಆಗೋ ಮಾತಲ್ಲ. ಒಳಗೆ ನೀರು ಬರದ ಹಾಗೆ ಮಾಡೋದು, ವಾರಕ್ಕೊಂದು ಸಲ ಬಾಗಿಲು ತೆಗೆಯೋಕೆ ಒಬ್ರನ್ನ ನೋಡ್ಕೊಳ್ಳೋದು, ಈ ಎರಡು ಆದ್ರೆ ಮಿಕ್ಕಿದ್ದನ್ನ ನಿಧಾನಕ್ಕೆ ಮಾಡ್ಕೋಬಹುದು.

ಬೀಗ ತೆಗೆಸಿ

ಇದಕ್ಕೆ ಜಾಸ್ತಿ ದುಡ್ಡು ಬೇಡ, ಆದ್ರೂ ಯಾರೂ ಮಾಡಲ್ಲ. ನಮ್ಮನೇಲಿ ಅಜ್ಜಿ ಇರೋವರೆಗೂ ಛಾವಣಿ ಹೊರೋ ಅಡ್ಡಮರ, ಅಂದ್ರೆ ಜಂತೆ, ಒಂದಕ್ಕೂ ಹುಳ ಬಿದ್ದಿರ್ಲಿಲ್ಲ, ಬೀಗ ಹಾಕಿ ನಾಲ್ಕು ವರ್ಷಕ್ಕೆ ಅಟ್ಟದ ಮೇಲೆ ಗೆದ್ದಲು, ಹಜಾರದಲ್ಲಿ ಬಾವಲಿ. ಒಲೆ ಹೊಗೆ ಆಡ್ತಿದ್ರೆ ಮರಕ್ಕೆ ಹುಳ ಬರಲ್ಲ ಅಂತ ಅಜ್ಜಿ ಹೇಳ್ತಿದ್ರು. ಹೊಗೆ ಇರ್ಲಿ ಬಿಡಿ, ಗಾಳಿ ಬೆಳಕು ಆಡಿದ್ರೂ ಸಾಕು. ಊರಲ್ಲೇ ಇರೋ ನಂಬಿಕಸ್ಥರು ಒಬ್ರಿಗೆ ತಿಂಗಳಿಗೆ ಇಷ್ಟು ಅಂತ ಮಾತಾಡಿ, ವಾರಕ್ಕೊಂದು ದಿನ ಕಿಟಕಿ ಬಾಗಿಲು ತೆಗೆದು ಗುಡಿಸಿ ಸಾಯಂಕಾಲ ಹಾಕೋ ಹಾಗೆ ಮಾಡಿ. ಸಂಬಂಧಿಕರಿಗೆ ಹೇಳಿದ್ರೆ ಬಿಟ್ಟಿ ಆಗುತ್ತೆ ಅನ್ಕೋಬೇಡಿ, ಆಗಲ್ಲ, ಸಂಬಂಧಾನೂ ಕೆಡುತ್ತೆ.

ಆಮೇಲೆ ಕಾಗದ

ನಮ್ಮನೆ ಖಾತೆ ತಾತನ ಹೆಸರಲ್ಲೇ ಇತ್ತು, ಹಳ್ಳಿ ಮನೆಗಳಲ್ಲಿ ಬಹಳಷ್ಟು ಹಿಂಗೇ. ರಿಪೇರಿ ಮಾಡ್ಸೋಕೆ ಖಾತೆ ಯಾಕೆ ಅಂತೀರಾ? ನೀವು ಲಕ್ಷಗಟ್ಲೆ ಸುರಿದ ಮೇಲೆ ಪಾಲಿನ ಮಾತು ಬಂದ್ರೆ ಗೊತ್ತಾಗುತ್ತೆ ಯಾಕೆ ಅಂತ. ಮರಣ ಪ್ರಮಾಣಪತ್ರ ತಗೊಳ್ಳಿ, ನಾಡಕಚೇರೀಲಿ ವಂಶವೃಕ್ಷ ಮಾಡ್ಸಿ, ಪಂಚಾಯ್ತಿಗೆ ಹೋಗಿ ಖಾತೆ ಬದಲಾಯಿಸಿ ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ ಇ-ಸ್ವತ್ತಲ್ಲಿ ಇ-ಖಾತೆ ತೆಗೆಸ್ಕೊಳ್ಳಿ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಇಸಿ (ಋಣಭಾರ ಪತ್ರ) ತೆಗೆದು ಸಾಲಗೀಲ ಇದ್ಯಾ ನೋಡಿ. ಹೆಣ್ಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಮಾಡ್ಸೋ ಬುದ್ಧಿವಂತಿಕೆ ಬೇಡ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನ ಇನ್ನೂ ಸ್ಪಷ್ಟ ಮಾಡಿ ಹೇಳ್ತು. ನಮ್ಮ ಸೋದರತ್ತೆ ಗೌರಿಬಿದನೂರಲ್ಲಿದ್ದಾರೆ, ಸೈನ್ ಕೇಳೋಕೆ ಅಂತ ರಜೇಲಿ ಬಂದಾಗ ಹೋದ್ರೆ "ಸೈನ್ ಹಾಕ್ತೀನಿ ಕಣಪ್ಪ, ಆದ್ರೆ ನನಗೂ ಒಂದು ಬೀಗದ ಕೈ ಕೊಡು" ಅಂದ್ರು, ಕೊಟ್ಟೆ. ಈಗ ನೋಡಿದ್ರೆ ನನಗಿಂತ ಜಾಸ್ತಿ ಸಲ ಅವರೇ ಆ ಮನೇಲಿ ಮಲಗಿ ಎದ್ದಿದ್ದಾರೆ.

ಇದಕ್ಕೆಲ್ಲ ನೀವೇ ಓಡಾಡೋಕೆ ಆಗಲ್ವಲ್ಲ, ನಿಮ್ಮ ಪರವಾಗಿ ಇನ್ನೊಬ್ರು ಮಾಡೋಕೆ ಅಧಿಕಾರ ಕೊಡೋ ಪವರ್ ಆಫ್ ಅಟಾರ್ನಿ ಬೇಕು. ಎಲ್ಲಾ ಅಧಿಕಾರ ಇರೋ ಜನರಲ್ ಪವರ್ ಕೊಡ್ಬೇಡಿ. ಖಾತೆ, ಬೆಸ್ಕಾಂ ಮೀಟರು, ರಿಪೇರಿ, ಕೂಲಿ ಬಟವಾಡೆ, ಇಷ್ಟನ್ನೇ ಎಣಿಸಿ ಬರೆದು, ಮಾರೋ ಅಧಿಕಾರ ಅಡ ಇಡೋ ಅಧಿಕಾರ ಇಲ್ಲ ಅಂತ ಒಂದು ಸಾಲು ಸ್ಪಷ್ಟವಾಗಿ ಸೇರಿಸಿ. ಭಾರತದ ರಾಯಭಾರ ಕಚೇರೀಲಿ ಅಟೆಸ್ಟ್ ಮಾಡಿಸ್ಬಹುದು, ಇಲ್ಲಾಂದ್ರೆ ನೀವಿರೋ ದೇಶದ ನೋಟರಿ ಹತ್ರ ಸಹಿ ಹಾಕಿ ಅಪೊಸ್ಟೀಲ್ (ಬೇರೆ ದೇಶದಲ್ಲೂ ಕಾಗದ ನಡೆಯೋ ಹಾಗೆ ಸರ್ಕಾರ ಹಾಕೋ ಮುದ್ರೆ) ಮಾಡಿಸ್ಬಹುದು, ಐರ್ಲೆಂಡಲ್ಲಿ ಅಪೊಸ್ಟೀಲ್ ಹಾಕೋದು ವಿದೇಶಾಂಗ ಇಲಾಖೆ. ಬಹಳ ಜನ ಎಡವೋದು ಇದಾದ್ಮೇಲೆ: ಆ ಕಾಗದ ಕರ್ನಾಟಕಕ್ಕೆ ಬಂದು ಮುಟ್ಟಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸ್ಬೇಕು. ನಮ್ಮ ಕವರು ಟಿವಿ ಸ್ಟ್ಯಾಂಡ್ ಕೆಳಗೆ ಎರಡೂಮುಕ್ಕಾಲು ತಿಂಗಳು ಇತ್ತು, ಯಾರೋ ಮದುವೆ ಪತ್ರಿಕೆ ಅನ್ಕೊಂಡಿದ್ರಂತೆ.

ಬೇರೆ ದೇಶದ ಪೌರತ್ವ ತಗೊಂಡ್ರೆ ಮನೆ ಹೋಗುತ್ತಾ ಅಂತ ಹೆದರೋರು ಇದ್ದಾರೆ. ಹೋಗಲ್ಲ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಓಸಿಐ ಕಾರ್ಡ್ ಇರೋರು ಪಿತ್ರಾರ್ಜಿತ ಮನೆ ಇಟ್ಕೋಬಹುದು, ವಾಸದ ಮನೆ ಕೊಂಡ್ಕೋಬಹುದು ಕೂಡ. ಮಾಡೋ ಹಾಗಿಲ್ಲದ್ದು ಏನಂದ್ರೆ ಹೊಲ ತೋಟ ಕೊಳ್ಳೋದು. ಅದು ಭಾರತದ ಪಾಸ್‌ಪೋರ್ಟ್ ಇರೋ ಎನ್ನಾರೈಗಳಿಗೂ ಅನ್ವಯಿಸುತ್ತೆ, ಆದ್ರಿಂದ ಮನೆ ಹಿಂದಿನ ಹತ್ತು ಗುಂಟೆ ತೆಂಗಿನ ತೋಟಾನೂ ಸೇರಿಸ್ಕೊಂಡ್ಬಿಡೋಣ ಅಂತ ಅಡ್ವಾನ್ಸ್ ಕೊಟ್ಟೀರಾ ಜೋಕೆ.

ಮಳೇಲಿ ವಿಡಿಯೋ ಮಾಡ್ಸಿ

ಎಂಜಿನಿಯರ್ ಕರ್ಕೊಂಡು ಹೋಗೋಕ್ಕಿಂತ ಮುಂಚೆ, ಜೋರು ಮಳೆ ಬರೋ ದಿನ ಒಬ್ರು ಒಳಗೆ ನಿಂತು ರೂಮು ರೂಮಿಗೂ ವಿಡಿಯೋ ತೆಗೀಲಿ. ನಮ್ಮ ಮೂರೂ ಜಿಲ್ಲೆಲಿ, ತುಮಕೂರಿರ್ಲಿ ಕೋಲಾರ ಚಿಕ್ಕಬಳ್ಳಾಪುರ ಇರ್ಲಿ, ಸೆಪ್ಟೆಂಬರ್ ಅಕ್ಟೋಬರಲ್ಲೇ ದೊಡ್ಡ ಮಳೆ, ಅವಾಗ ಮನೆ ತನ್ನ ಕಾಯಿಲೆ ತಾನೇ ಹೇಳ್ಕೊಳ್ಳುತ್ತೆ. ಬೇಸಿಗೇಲಿ ನೋಡಿದ್ರೆ ಬರೀ ಕಲೆ ಕಾಣುತ್ತೆ, ನೀರು ಎಲ್ಲಿಂದ ಬಂತು ಅಂತ ತಿಳಿಯಲ್ಲ. ಆಮೇಲೆ ಸೀಮೆಸುಣ್ಣದಲ್ಲಿ ಪ್ರತಿ ಕಂಬಕ್ಕೂ ತೊಲೆಗೂ ಒಂದೊಂದು ನಂಬರ್ ಬರೆಸಿ, ಅದೇ ನಂಬರ್ ಹಾಕಿ ಒಂದು ನಕ್ಷೆ ಕೈಯಲ್ಲೇ ಗೀಚಿ ಫೋಟೋ ತೆಗೆಸ್ಕೊಳ್ಳಿ. "ಆ ಮೂಲೆ ಕಂಬ" ಅಂತ ಫೋನಲ್ಲಿ ಹೇಳಿದ್ರೆ ಅವರು ಬೇರೆ ಮೂಲೆ ಕಂಬಾನೇ ಬಿಚ್ತಾರೆ. "ಏಳನೇ ನಂಬರ್" ಅಂದ್ರೆ ತಪ್ಪಲ್ಲ.

ಮಾಡು, ಮಾಳಿಗೆ

ದುಡ್ಡು ಮೊದ್ಲು ತಲೆ ಮೇಲಕ್ಕೆ ಹೋಗ್ಬೇಕು. ಗೋಡೆಗೆ ಬಣ್ಣ ಹೊಡೆದು ಆಮೇಲೆ ಹೆಂಚು ಹತ್ತಿಸಿದೋರನ್ನ ನೋಡಿದ್ದೀನಿ, ಅವ್ರದ್ದು ಎರಡು ಸಲ ಬಣ್ಣ. ಸಂಕ್ರಾಂತಿ ಕಳೆದ್ಮೇಲೆ ಬಿಚ್ಚಿ, ಏಪ್ರಿಲ್ ಮಧ್ಯದ ಅಶ್ವಿನಿ ಮಳೆಯೊಳಗೆ ಮುಚ್ಚಿಬಿಡ್ಬೇಕು, ಬಹಳ ಅಂದ್ರೆ ಭರಣಿವರೆಗೆ. ಭರಣಿ ಮಳೆ ಧರಣಿಗೆ ಒಳ್ಳೇದೇ, ಬಿಚ್ಚಿಟ್ಟ ಮಾಡಿಗೆ ಅಲ್ಲ.

ನಮ್ಮನೆ ಮುಂದಿನ ಭಾಗ ಹೆಂಚು, ಹಿಂದಿನ ಭಾಗ ಮಣ್ಣಿನ ಮಾಳಿಗೆ, ಅಂದ್ರೆ ಮಣ್ಣು ಹಾಸಿದ ಚಪ್ಪಟೆ ಛಾವಣಿ. ನಾಡಹೆಂಚಿನ ಮೇಲೆ ಒಂದು ಕೋತಿ ದಂಡು ಓಡಿದ್ರೆ ಮುಗೀತು, ಅದಕ್ಕೇ ಹಿಂದಿನೋರು ಪ್ರತಿ ಬೇಸಿಗೆ ಹೆಂಚು ಕೈಯಾಡಿಸ್ತಿದ್ರು. ಮಂಗಳೂರು ಹೆಂಚಾದ್ರೆ ಬಿಚ್ಚೋವಾಗ ಹಳೇದನ್ನ ಎಸೀಬೇಡಿ, ಬೆರಳಲ್ಲಿ ತಟ್ಟಿ ನೋಡಿ, ಟಣ್ ಅಂದ್ರೆ ಇಟ್ಕೊಳ್ಳಿ, ಡಬ್ ಅಂದ್ರೆ ಬಿರುಕು ಬಿಟ್ಟಿರುತ್ತೆ. ತೊಟ್ಟಿ ಇರೋ ಮನೆಗಳಲ್ಲಿ ಎರಡು ಮಾಡು ಸೇರೋ ಒಳಮೂಲೆ ಇದ್ಯಲ್ಲ, ನಾಲ್ಕು ಮೂಲೆ ನಾಲ್ಕು ತಲೆನೋವು. ಎರಡೂ ಕಡೆ ನೀರು ಅಲ್ಲಿಗೇ ಹರಿಯುತ್ತೆ, ಕೆಳಗಿರೋ ತಗಡು ತೂತಾಗಿದ್ರೆ ನೀರು ನೇರವಾಗಿ ಮೂಲೆ ತೊಲೆ ತಲೆಗೆ ಇಳಿಯುತ್ತೆ. ನಮ್ಮ ಏಳನೇ ನಂಬರ್ ಕಂಬದ ತಲೆ ಮೇಲೆ ತೊಲೆ ಹೊರೋ ಕೆತ್ತನೆ ಮರ, ಬೋದಿಗೆ, ಹೊರಗಿಂದ ನೋಡೋಕೆ ಚೆನ್ನಾಗೇ ಇತ್ತು, ಕೆತ್ತನೆ ಗಿಣಿ ಕೊಕ್ಕು ಸಮೇತ ಹಂಗೇ ಇತ್ತು, ಆಚಾರ್ರು ಸ್ಕ್ರೂ ಡ್ರೈವರ್ ಒತ್ತಿದ್ರೆ ಹಿಡಿಯವರೆಗೂ ಒಳಕ್ಕೆ ಹೋಯ್ತು, ತೆಗೆದಾಗ ಅದರ ತುದೀಲಿ ಕಾಫಿ ಪುಡಿ ತರ ಏನೋ ಅಂಟಿತ್ತು. ಅದನ್ನ ನಾನು ವಿಡಿಯೋ ಕಾಲಲ್ಲಿ ನೋಡ್ತಾ ಕೂತಿದ್ದೆ, ಕೈಯಲ್ಲಿದ್ದ ಕಾಫಿ ಕುಡಿಯೋಕೆ ಮನಸ್ಸು ಬರ್ಲಿಲ್ಲ.

ಮಾಳಿಗೆ ವಿಷಯ ಪಾವಗಡ, ಶಿರಾ, ಮಧುಗಿರಿ ಕಡೆಯೋರು ಗಮನ ಇಟ್ಟು ಓದಿ. ಜಂತೆ ಮೇಲೆ ಚಕ್ಕೆ, ಸೊಪ್ಪು, ಮಣ್ಣು, ಮೇಲೆ ಚೌಳು ಮಣ್ಣು. ಚೌಳಲ್ಲಿ ಸೋಡಿಯಂ ಇರೋದ್ರಿಂದ ಒದ್ದೆ ಆದಾಗ ಜೇಡಿ ಕಣ ಬಿಡಿಬಿಡಿಯಾಗಿ ಸಂದು ಮುಚ್ಕೊಳ್ಳುತ್ತೆ, ನೀರು ಇಳಿಯಲ್ಲ, ನಮ್ಮೋರು ಕೆಮಿಸ್ಟ್ರಿ ಓದದೇನೇ ಕಂಡ್ಕೊಂಡಿದ್ದು. ತಪ್ಪು ಆಗೋದು ಸೋರಿದಾಗೆಲ್ಲ ಹಳೇದು ಕೆರೆಯದೆ ಮೇಲೆ ಮೇಲೆ ಮಣ್ಣು ಹಾಕ್ತಾ ಹೋಗೋದ್ರಿಂದ. ಒಂದಡಿ ದಪ್ಪ ಮಣ್ಣು ಅಂದ್ರೆ ಒಂದು ಚದರ ಮೀಟರಿಗೆ ಹತ್ತಿರತ್ತಿರ 500 ಕೆಜಿ ಭಾರ. ಅದರ ಮೇಲೆ ನಾಲ್ಕಿಂಚು ಕಾಂಕ್ರೀಟ್ ಹಾಕ್ಸಿ ಅಂತ ಯಾರಾದ್ರೂ ಹೇಳಿದ್ರೆ ಇನ್ನೊಂದು 250 ಕೆಜಿ ಸೇರಿಸ್ಕೊಳ್ಳಿ, ಜಂತೆ ಲಟ್ ಅನ್ನುತ್ತೆ. ಹಳೇ ಮಣ್ಣು ಕೆರೆದು ತೆಗೆಸಿ, ಮುರಿದ ಜಂತೆ ಬದಲಾಯಿಸಿ, ಆರಿಂಚಿಗೆ ಮೀರದ ಹಾಗೆ ಹೊಸದು ಹಾಕ್ಸಿ, ನೀರು ಹೋಗೋ ದೋಣಿ ಗೋಡೆಯಿಂದ ಎರಡಡಿಯಾದ್ರೂ ಆಚೆ ಚಾಚಿರ್ಲಿ.

ಗೋಡೆಗೆ ಸಿಮೆಂಟ್ ಮುಟ್ಟಿಸ್ಬೇಡಿ

ಗೋಡೆ ಮಣ್ಣಿಂದಾದ್ರೆ ಅದು ನೆಲದಿಂದ ಪಸೆ ಹೀರ್ಕೊಂಡು ಹೊರಗೆ ಬಿಡ್ತಾ ಇರುತ್ತೆ. ಸಿಮೆಂಟ್ ಬಳಿದ್ರೆ ಆ ಪಸೆಗೆ ದಾರಿ ಇಲ್ಲ. ನಮ್ಮಪ್ಪ ಆಸೆಯಿಂದ ಮಾಡ್ಸಿದ್ದ ಪ್ಲಾಸ್ಟರನ್ನ ಮೇಸ್ತ್ರಿ ಉಳಿ ಹಾಕಿ ಎಬ್ಬಿಸಿದ್ರೆ ಹಲಗೆ ತರ ಕಳಚ್ಕೊಂಡು ಬಂತು, ಹಿಂದಿನ ಮಣ್ಣು ಕಲಸಿದ ರಾಗಿ ಹಿಟ್ಟಿನ ಹಾಗಿತ್ತು. ಅದನ್ನ ಒಂದು ಬೇಸಿಗೆ ಪೂರ್ತಿ ಹಂಗೇ ಒಣಗೋಕೆ ಬಿಟ್ವಿ, ನೆಂಟರಿಷ್ಟರೆಲ್ಲ ಯಾಕೆ ಮನೆ ಬೆತ್ತಲೆ ನಿಲ್ಸಿದ್ದೀಯ ಅಂತ ಕೇಳಿದ್ದೇ ಕೇಳಿದ್ದು. ಆಮೇಲೆ ಹುಲ್ಲು ಸೇರಿಸಿ ಕೊಳೆ ಹಾಕಿದ ಮಣ್ಣಿನ ಗಿಲಾವು, ಮೇಲೆ ಸುಣ್ಣದ ಗಾರೆ.

ಸುಣ್ಣ ಮಾಡೋದು ಹೀಗೆ: ಸುಟ್ಟ ಸುಣ್ಣದ ಕಲ್ಲನ್ನ ಗುಂಡಿಗೆ ಹಾಕಿ ನೀರು ಬಿಟ್ರೆ ಕೊತಕೊತ ಕುದಿಯುತ್ತೆ, ಹತ್ರ ಮಕ್ಕಳು ಬರ್ಬಾರ್ದು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಡೇಪಕ್ಷ ಎರಡು ವಾರ ನೀರಲ್ಲೇ ನೆನೀಲಿ, ಜಾಸ್ತಿ ನೆನೆದಷ್ಟೂ ಬೆಣ್ಣೆ ಹಾಗಾಗುತ್ತೆ. ಸೋಸಿ, ಒಂದು ಪಾಲಿಗೆ ಮೂರು ಪಾಲು ಮರಳು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕೋ ಪದ್ಧತಿ ಇದೆ, ಗೊತ್ತಿರೋ ಮೇಸ್ತ್ರಿ ಸಿಕ್ರೆ ಅವರ ಕೈಯಳತೆಗೇ ಬಿಟ್ಬಿಡಿ. ಬಳಿದ ಮೇಲೆ ಒದ್ದೆ ಗೋಣಿ ಹಾಕಿ ನಿಧಾನವಾಗಿ ಆರಿಸ್ಬೇಕು, ಸುಣ್ಣ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು ಮತ್ತೆ ಕಲ್ಲಾಗೋದು, ಅವಸರ ಮಾಡಿದ್ರೆ ಸೀಳು ಬಿಡುತ್ತೆ. ತಮಾಷೆ ಅಂದ್ರೆ ನನಗೆ ಇದರ ಮೇಲೆ ನಂಬಿಕೆ ಬಂದಿದ್ದು ಐರ್ಲೆಂಡಲ್ಲಿ. ಇಲ್ಲಿ ಹಳೇ ಕಲ್ಲಿನ ಕಾಟೇಜುಗಳಿಗೂ ಸಿಮೆಂಟ್ ಬೇಡ ಸುಣ್ಣ ಹಾಕಿ ಅಂತಾನೇ ತಿಳಿದೋರು ಹೇಳ್ತಾರೆ. ನಮ್ಮ ಹಿಂದಿನೋರಿಗೆ ಗೊತ್ತಿದ್ದನ್ನ ಐರಿಷ್‌ನೋರ ಬಾಯಲ್ಲಿ ಕೇಳ್ಬೇಕಾಯ್ತು.

ಮರ, ಮತ್ತೆ ಕಂಬ ಕೇಳ್ಕೊಂಡು ಬರೋರು

ತೊಲೆ ತುದಿ ಕೊಳೆತಿದ್ರೆ ಇಡೀ ತೊಲೆ ತೆಗೆಸ್ಬೇಕಿಲ್ಲ, ಕೊಳೆತಷ್ಟು ಕೊಯ್ದು ಅದೇ ಜಾತಿ ಮರ ಓರೆಯಾಗಿ ಜೋಡಿಸಿ ಬೋಲ್ಟ್ ಹಾಕ್ಬಹುದು. ಎನಾಮೆಲ್ ಪೇಂಟ್ ಬೇಡ, ಹಳೇದಿದ್ರೆ ಕೆರೆಸಿ ಎಣ್ಣೆ ಹಚ್ಚಿ. ಮನೆ ಬಿಚ್ತಿದ್ದಾರೆ ಅಂತ ಗೊತ್ತಾದ ವಾರಕ್ಕೆ ಗಾಡಿ ತಗೊಂಡು ಬರೋರು ಇರ್ತಾರೆ, "ಸಾರ್ ಆ ನಾಲ್ಕು ಕಂಬ, ಹೆಬ್ಬಾಗಿಲು ಕೊಟ್ಬಿಡಿ, ಹೊಸಾ ಆರ್‌ಸಿಸಿ ಮನೆಗೆ ಆಗೋಷ್ಟು ಕೊಡ್ತೀವಿ" ಅಂತ. ಅಷ್ಟು ಕೊಡಲ್ಲ. ಆ ಕಂಬ ಬೆಂಗಳೂರಲ್ಲಿ ಯಾವುದೋ ಹೋಟ್ಲಲ್ಲಿ ಅಲಂಕಾರಕ್ಕೆ ನಿಲ್ಲುತ್ತೆ ಅಷ್ಟೇ.

ಬಾತ್‌ರೂಮ್ ಹಿತ್ತಲಲ್ಲಿ ಬೇರೆಯಾಗೇ ಕಟ್ಸಿ, ಮಣ್ಣಿನ ಗೋಡೆಯೊಳಗೆ ನೀರಿನ ಪೈಪ್ ಹಾಯಿಸ್ಬೇಡಿ. ವೈರಿಂಗ್ ಪೂರ್ತಿ ಹೊಸದು, ಅರ್ತಿಂಗ್ ಸಮೇತ.

ದುಡ್ಡು, ಫೋನು

ನಾನು ಮೊದಲನೇ ವರ್ಷ ಒಬ್ಬ ಕಂಟ್ರಾಕ್ಟರಿಗೆ ಅರ್ಧ ದುಡ್ಡು ಒಟ್ಟಿಗೆ ಕಳ್ಸಿ ಕೈ ಸುಟ್ಕೊಂಡೆ, ಅವನು ಹೆಂಚು ಇಳಿಸಿದ, ಒಳ್ಳೆ ಹೆಂಚೆಲ್ಲ ಲೋಡ್ ಮಾಡಿ ಕಳ್ಸಿದ, ಫೋನ್ ಎತ್ತೋದು ಬಿಟ್ಟ. ಎರಡನೇ ವರ್ಷದಿಂದ ಸಾಮಾನಿನ ದುಡ್ಡು ನೇರ ಅಂಗಡಿಗೆ, ಕೂಲಿ ಶನಿವಾರ ಶನಿವಾರ ಫೋಟೋ ನೋಡಿ, ಹತ್ತನೇ ಒಂದು ಭಾಗ ಒಂದು ಮಳೆಗಾಲ ಕಳೆದ ಮೇಲೆ. ನಿಮ್ಮ ಹಳೇ ಎಸ್‌ಬಿ ಅಕೌಂಟ್ ಹಂಗೇ ನಡೆಸ್ಬೇಡಿ, ಎನ್ನಾರೈ ಆದ್ಮೇಲೆ ಅದು ಎನ್‌ಆರ್‌ಒ, ಅಂದ್ರೆ ಎನ್ನಾರೈಗಳ ರೂಪಾಯಿ ಅಕೌಂಟ್, ಆಗ್ಬೇಕು.

ಫೋನ್ ಟೈಮ್ ಕೂಡ ಮೊದ್ಲೇ ಗೊತ್ತು ಮಾಡ್ಕೊಳ್ಳಿ. ಚಳಿಗಾಲದಲ್ಲಿ ನಮಗೂ ಊರಿಗೂ ಐದೂವರೆ ಗಂಟೆ ವ್ಯತ್ಯಾಸ, ಮೇಸ್ತ್ರಿ ಒಂಬತ್ತಕ್ಕೆ ಕೆಲಸಕ್ಕೆ ಬಂದ ತಕ್ಷಣ "ಅಣ್ಣಾ, ಈ ಜಂತೆ ಕೊಯ್ಲಾ?" ಅಂತ ಫೋನ್ ಮಾಡೋರು, ಇಲ್ಲಿ ಬೆಳಗಿನ ಜಾವ ಮೂರೂವರೆ. ನಿದ್ದೆಗಣ್ಣಲ್ಲಿ ಹ್ಞೂಂ ಅಂದು ಒಂದು ಒಳ್ಳೆ ಜಂತೆ ಕಳ್ಕೊಂಡೆ. ಆಮೇಲೆ ಅವರ ಊಟದ ಹೊತ್ತಿಗೆ ಅಂತ ಮಾಡ್ಕೊಂಡ್ವಿ, ಅಲ್ಲಿ ಒಂದು ಗಂಟೆ, ಇಲ್ಲಿ ಏಳೂವರೆ.

ಹೋದ ಹಸ್ತ ಮಳೇಲಿ ಸೋದರತ್ತೆ ವಿಡಿಯೋ ಕಾಲ್ ಮಾಡಿದ್ರು, ತೊಟ್ಟಿಗೆ ನಾಲ್ಕೂ ಕಡೆಯಿಂದ ನೀರು ಬೀಳ್ತಿತ್ತು, ನಡುಮನೆ ನೆಲ ಒಣಗೇ ಇತ್ತು. ಅಡುಗೆಮನೆ ಮೂಲೇಲಿ ಮಾತ್ರ ಇನ್ನೂ ತೊಟ್ಟಿಕ್ತಿದೆ. ಅಜ್ಜಿ ಇಡ್ತಿದ್ದ ಜಾಗದಲ್ಲೇ, ಅದೇ ಹಿತ್ತಾಳೆ ತಪ್ಪಲೆ ಇಟ್ಟಿದ್ರು.