ಹಾಸನ, ಚಿಕ್ಕಮಗಳೂರು ಕಡೆ ಸೆಕೆಂಡ್ ಹ್ಯಾಂಡ್ ಸೂಪರ್‌ಕಾರ್ ಇಟ್ಟುಕೊಂಡು ಓಡಿಸುವುದು ಹೇಗೆ

ಸೆಕೆಂಡ್ ಹ್ಯಾಂಡ್ ಸೂಪರ್‌ಕಾರ್ ನೋಡಲು ಹೋದವರ ಕಣ್ಣು ಮೊದಲು ಹೋಗುವುದು ಓಡೋಮೀಟರ್ ಮೇಲೆ. ಹತ್ತು ವರ್ಷದ ಕಾರು, ಬರೀ ಎಂಟು ಸಾವಿರ ಕಿಲೋಮೀಟರ್ ಓಡಿದೆ ಅಂದರೆ ಖುಷಿಯೋ ಖುಷಿ. ನಾನಾದರೆ ಅದನ್ನು ಬಿಟ್ಟು, ಮೂವತ್ತು ಮೂವತ್ತೈದು ಸಾವಿರ ಓಡಿರುವ, ವರ್ಷ ವರ್ಷದ ಸರ್ವಿಸ್ ಬಿಲ್ ಇರುವ ಕಾರನ್ನೇ ತಗೊಳ್ಳಿ ಅನ್ನುತ್ತೇನೆ. ನಿಂತೇ ಇದ್ದ ಕಾರಿನಲ್ಲಿ ರಬ್ಬರ್ ಸೀಲ್ ಒಣಗುತ್ತದೆ, ಬ್ಯಾಟರಿ ಸಾಯುತ್ತದೆ, ಟೈರ್ ನಿಂತ ಜಾಗದಲ್ಲೇ ಚಪ್ಪಟೆಯಾಗುತ್ತದೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ. ಅದರಲ್ಲೂ ನಮ್ಮ ಕಡೆ ಆರಿದ್ರೆ ಮಳೆ ಹಿಡಿದರೆ ಶೆಡ್‌ನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ, ಅಲ್ವಾ. ಇಂಥ ಜಾಗದಲ್ಲಿ ಈ ಕಾರುಗಳು ಚೆನ್ನಾಗಿರಬೇಕಾದರೆ ಓಡುತ್ತಲೇ ಇರಬೇಕು.

ಯಾವ ಕಾರು? ಮಲೆನಾಡಿನ ರಸ್ತೆಗೆ ನನ್ನ ಮೊದಲ ಆಯ್ಕೆ ಮೊದಲ ತಲೆಮಾರಿನ ಆಡಿ ಆರ್8. 2015ರವರೆಗೆ ಬಂದ ಮಾಡೆಲ್ ಅದು. ಒಳಗೆ ಕೂರುವುದು ಸುಲಭ, ಸುತ್ತ ರಸ್ತೆ ಕಾಣುತ್ತದೆ, ನಾಲ್ಕೂ ಚಕ್ರಕ್ಕೆ ಪವರ್ ಹೋಗುತ್ತದೆ. 2003ರಿಂದ 2013ರವರೆಗೆ ಬಂದ ಲ್ಯಾಂಬೋರ್ಗಿನಿ ಗಲಾರ್ಡೊ ಇದರ ನೆಂಟನೇ. ಆದರೆ ಇನ್ನೂ ತಗ್ಗು, ಖರ್ಚೂ ಜಾಸ್ತಿ. ಪೋರ್ಷೆ 911 ಟರ್ಬೋ ಸಿಕ್ಕರೆ ಅದೂ ಒಳ್ಳೆಯದೇ, ಹಿಂದಿನ ಸೀಟಿನಲ್ಲಿ ಮಕ್ಕಳನ್ನೂ ಕೂರಿಸಬಹುದು. ಫೆರಾರಿಯೇ ಬೇಕು ಅನ್ನುವವರು ಒಂದು ನೆನಪಿಡಿ. 360ಯಲ್ಲಿ ಎಂಜಿನ್‌ನ ವಾಲ್ವ್‌ಗಳನ್ನು ತಾಳಕ್ಕೆ ಸರಿಯಾಗಿ ಆಡಿಸುವ ರಬ್ಬರಿನ ಟೈಮಿಂಗ್ ಬೆಲ್ಟ್ ಇದೆ, ಓಡಲಿ ಬಿಡಲಿ ಕೆಲವು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಅದರ ನಂತರ ಬಂದ ಎಫ್430ಯಲ್ಲಿ ಚೈನ್ ಇದೆ, ಆ ತಲೆನೋವಿಲ್ಲ.

ದುಡ್ಡು ಕೊಡುವ ಮುಂಚೆ ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಆ ಬ್ರ್ಯಾಂಡ್ ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲೇ ಆಗಬೇಕು, ಅದಕ್ಕೆ ಬೆಂಗಳೂರಿಗೇ ಹೋಗಬೇಕು. ಆರ್8ನಲ್ಲಿ ಮ್ಯಾಗ್ನೆಟಿಕ್ ಸಸ್ಪೆನ್ಷನ್ ಇದ್ದರೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಸುತ್ತ ಆಯಿಲ್ ಒಸರಿದೆಯಾ ನೋಡಿ. ವಿ8 ಎಂಜಿನ್ ಆದರೆ ಇಂಟೇಕ್ ವಾಲ್ವ್ ಮೇಲೆ ಕಾರ್ಬನ್ ಕಟ್ಟುವುದು ಮಾಮೂಲಿ, ಅದನ್ನು ಕ್ಲೀನ್ ಮಾಡಿಸಿದ ಬಿಲ್ ಕೇಳಿ. ಟೈರನ್ನು ನೀವೇ ಬಗ್ಗಿ ನೋಡಿ. ಪಕ್ಕದಲ್ಲಿ ಡಿಓಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2317 ಅಂತಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಗಲಾರ್ಡೊ, ಆರ್8 ಎರಡಕ್ಕೂ 19 ಇಂಚಿನ ವೀಲ್‌ನಲ್ಲಿ ಮುಂದೆ 235/35, ಹಿಂದೆ 295/30 ಬರುತ್ತದೆ. ಟೈರ್ ಮೇಲಿನ ಗೆರೆ ಎಷ್ಟೇ ಚೆನ್ನಾಗಿ ಉಳಿದಿರಲಿ, ಟೈರ್ ಹಳೆಯದಾದರೆ ರಬ್ಬರ್ ಗಟ್ಟಿಯಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ಅದನ್ನು ನಂಬಬೇಡಿ, ನಾಲ್ಕು ಹೊಸ ಟೈರ್ ದುಡ್ಡನ್ನು ಬೆಲೆಯಲ್ಲೇ ಇಳಿಸಿಕೊಳ್ಳಿ.

ಈಗ ಕ್ಲಚ್ ವಿಷಯ. ಗಲಾರ್ಡೊದ ಇ-ಗೇರ್, ಹಳೆಯ ಆರ್8ನ ಆರ್-ಟ್ರಾನಿಕ್, ಈ ಗೇರ್‌ಬಾಕ್ಸ್‌ಗಳು ನೋಡಲು ಆಟೋಮ್ಯಾಟಿಕ್ ಥರ. ಕ್ಲಚ್ ಪೆಡಲ್ ಇಲ್ಲ, ಅಷ್ಟೇ. ಒಳಗಿರುವುದು ಮಾಮೂಲಿ ಕ್ಲಚ್ಚೇ, ಅದನ್ನು ಒತ್ತುವುದು ನಿಮ್ಮ ಕಾಲಿನ ಬದಲು ಹೈಡ್ರಾಲಿಕ್ ಪಂಪ್. ನಿಮ್ಮ ಮನೆಯ ಆಟೋಮ್ಯಾಟಿಕ್ ಕಾರಿನ ಹಾಗೆ ಟ್ರಾಫಿಕ್‌ನಲ್ಲಿ ಇಂಚಿಂಚೇ ಬಿಟ್ಟರೆ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಸವೆಯುತ್ತಲೇ ಇರುತ್ತದೆ. ಮುಂದಿನ ಗಾಡಿ ಹೋಗಿ ಜಾಗ ಆಗಲಿ, ಆಮೇಲೆ ಒಂದೇ ಸಲ ನೀಟಾಗಿ ಹೊರಡಿ. ನಿಂತರೆ ನ್ಯೂಟ್ರಲ್‌ಗೆ ಹಾಕಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಹಿಡಿಯಿರಿ. ಎಲ್ಲಕ್ಕಿಂತ ಕೆಟ್ಟದ್ದು ಏರಿನಲ್ಲಿ ರಿವರ್ಸ್. ತೋಟದ ಗೇಟಿಂದ ಮನೆವರೆಗೆ ಏರು ಇದ್ದರೆ ಮೂತಿ ಮುಂದಾಗಿ ಹತ್ತಿಸಿ, ಮೇಲೆ ಕಣದಲ್ಲಿ ತಿರುಗಿಸಿಕೊಳ್ಳಿ. ಕೊಳ್ಳುವಾಗ ಸ್ಕ್ಯಾನರ್ ಹಾಕಿಸಿ ಕ್ಲಚ್ ಎಷ್ಟು ಸವೆದಿದೆ ಅಂತ ಓದಿಸಿ, ಪ್ರಿಂಟ್ ತಗೊಳ್ಳಿ. ಇದನ್ನು ಬದಲಾಯಿಸುವ ಖರ್ಚು ಲಕ್ಷಗಳಲ್ಲಿ. 2012ರ ಕೊನೆಗೆ ಆರ್8ಗೆ ಎಸ್-ಟ್ರಾನಿಕ್ ಅನ್ನುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಬಂತು. ಸ್ವಲ್ಪ ದುಡ್ಡು ಜಾಸ್ತಿಯಾದರೂ ದಿನಾ ಓಡಿಸುವವರು ಅದನ್ನೇ ಹುಡುಕಿ.

ಕಾಗದಪತ್ರದಲ್ಲಿ ಅವಸರ ಮಾಡಬೇಡಿ. ಮಹಾರಾಷ್ಟ್ರ, ದೆಹಲಿ ಕಾರು ಅಗ್ಗಕ್ಕೆ ಸಿಗುತ್ತದೆ ಅನಿಸುತ್ತದೆ, ಆದರೆ ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ ತಂದು ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿನ ಟ್ಯಾಕ್ಸೇ 18%, ಮೇಲೆ ಸೆಸ್ ಬೇರೆ. ಹಳೆಯ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೂ ಮೊತ್ತ ದೊಡ್ಡದೇ. ಬೆಲೆ ಮಾತಾಡುವ ಮುಂಚೆಯೇ ಹಾಸನದ ಕೆಎ-13, ಚಿಕ್ಕಮಗಳೂರಿನ ಕೆಎ-18 ಅಥವಾ ಸಕಲೇಶಪುರದ ಕೆಎ-46, ನಿಮ್ಮದು ಯಾವುದೋ ಆ ಆಫೀಸಿಗೆ ಹೋಗಿ ಲೆಕ್ಕ ಕೇಳಿ. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, 2010, 2011ರ ಕಾರಾದರೆ ರಿನೀವಲ್ ಆಗಿದೆಯಾ ನೋಡಿ. ಇನ್ನೊಂದು, ಕಾರ್ನೆ ಮೇಲೆ ಬಂದ ಕಾರಿನ ಹತ್ತಿರವೂ ಹೋಗಬೇಡಿ. ಅದು ತಾತ್ಕಾಲಿಕವಾಗಿ ದೇಶಕ್ಕೆ ತಂದು ವಾಪಸ್ ಕಳಿಸಬೇಕಾದ ಗಾಡಿ, ಇಲ್ಲಿ ಮಾರುವಂತಿಲ್ಲ. ನೇರವಾಗಿ ಆಮದಾದ ಕಾರಾದರೆ ಕಸ್ಟಮ್ಸ್ ಕಟ್ಟಿದ ಬಿಲ್ ಆಫ್ ಎಂಟ್ರಿ ಇರಲೇಬೇಕು.

ಪೆಟ್ರೋಲ್. ಈ ಎಂಜಿನ್‌ಗಳಿಗೆ ಕಂಪನಿ ಹೇಳುವುದು 98 ಆಕ್ಟೇನ್. ನಮ್ಮ ಬಂಕಿನ ಮಾಮೂಲಿ ಪೆಟ್ರೋಲ್ ಅಷ್ಟಿಲ್ಲ. ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ100 ಎಲ್ಲ ಕಡೆ ಸಿಗುವುದಿಲ್ಲ, ಬೆಂಗಳೂರಿಗೆ ಹೋದಾಗ ತುಂಬಿಸಿ. ಇಲ್ಲಿ 95 ಸಿಕ್ಕರೆ ಅದನ್ನೇ ಹಾಕಿ, ಆ ಟ್ಯಾಂಕ್ ಮುಗಿಯುವವರೆಗೆ ಎಂಜಿನ್ ಜಗ್ಗಿ ಓಡಿಸಬೇಡಿ. ಈಗ ಬಂಕುಗಳಲ್ಲಿ ಬರುತ್ತಿರುವುದು 20% ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆಯ ಪೈಪು, ಸೀಲುಗಳಿಗೂ ಒಳ್ಳೆಯದಲ್ಲ. ತುಂಬಿಸಿದ್ದನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ, ಓಡಿಸಿ ಮುಗಿಸಿ, ಹೊಸದು ಹಾಕಿ.

ವಾರಕ್ಕೊಮ್ಮೆ ಅಂತೂ ತೆಗೆಯಲೇಬೇಕು. ಶೆಡ್‌ನಲ್ಲೇ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು ಆಫ್ ಮಾಡುವುದು ಸುಮ್ನೆ. ಆಯಿಲ್ ಪೂರ್ತಿ ಬಿಸಿಯಾಗುವುದಿಲ್ಲ, ಸೈಲೆನ್ಸರ್‌ನಲ್ಲಿ ನೀರು ಉಳಿಯುತ್ತದೆ. ಚಿಕ್ಕಮಗಳೂರಿಂದ ಬೇಲೂರು ಮೇಲೆ ಹಾಸನಕ್ಕೆ ಬೆಳಗಿನ ಹೊತ್ತು ಹೋಗಿ ಬಂದರೆ ಸಾಕು, ಕಾರಿಗೂ ಸಮಾಧಾನ ನಿಮಗೂ ಸಮಾಧಾನ. ಆಯಿಲ್ 80 ಡಿಗ್ರಿ ಮುಟ್ಟುವವರೆಗೆ ನಾಲ್ಕು ಸಾವಿರ ಆರ್‌ಪಿಎಂ ದಾಟಬೇಡಿ. ಆಯಿಲ್ ಮಟ್ಟವನ್ನು ಕೂಡ ಎಂಜಿನ್ ಬಿಸಿ ಇದ್ದಾಗಲೇ, ಮ್ಯಾನುಯಲ್‌ನಲ್ಲಿ ಹೇಳಿದಂತೆ ನೋಡಿ. ಆರ್8, ಗಲಾರ್ಡೊ ಎರಡರಲ್ಲೂ ಇರುವುದು ಡ್ರೈ ಸಂಪ್, ಅಂದರೆ ಆಯಿಲ್ ಎಂಜಿನ್ ಅಡಿಯಲ್ಲಲ್ಲ, ಬೇರೆ ಟ್ಯಾಂಕಿನಲ್ಲಿರುತ್ತದೆ, ತಣ್ಣಗಿರುವಾಗ ನೋಡಿದರೆ ತಪ್ಪು ಲೆಕ್ಕ ತೋರಿಸುತ್ತದೆ. ಎಂಜಿನ್ ಜೋರು ಕೇಳಬೇಕು ಅನಿಸಿದರೆ ಹಾಸನದಿಂದ ಚನ್ನರಾಯಪಟ್ಟಣದ ಕಡೆಗೆ ಎನ್‌ಎಚ್ 75 ಇದೆ, ನಾಲ್ಕು ಪಥ, ಆದರೆ ಅಲ್ಲೂ ಬೈಕಿನವರು ರಾಂಗ್ ಸೈಡಿನಲ್ಲಿ ಬರುತ್ತಾರೆ, ಲಿಮಿಟ್ ಒಳಗೇ ಇರಿ. ಶಿರಾಡಿ ಘಾಟಿ ಬೇಡ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆಗೂ ಬೇಡ, ಅಲ್ಲಿ ಎದುರಿಗೆ ಜೀಪು ಬಂದರೆ ಏರಿನಲ್ಲಿ ರಿವರ್ಸ್ ತಗೊಳ್ಳುವ ಪಾಳಿ ನಿಮ್ಮದೇ ಆಗಬಹುದು.

ಹಂಪ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿಯಮದ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅಂಥದ್ದು ಆರಾಮಾಗಿ ದಾಟುತ್ತದೆ. ತೊಂದರೆ ಕೊಡುವುದು ಹಳ್ಳಿ ಬಾಗಿಲಲ್ಲಿ ಊರವರೇ ಹಾಕಿಕೊಂಡ ಕಿರಿದಾದ, ಚೂಪಾದ ಹಂಪ್. ಮೂತಿ ಎತ್ತುವ ಫ್ರಂಟ್ ಲಿಫ್ಟ್ ಇರುವ ಕಾರು ಸಿಕ್ಕರೆ ಅದನ್ನೇ ತಗೊಳ್ಳಿ, ಆಮೇಲೆ ಹಾಕಿಸುವುದು ದುಬಾರಿ. ಲಿಫ್ಟ್ ಇದ್ದರೆ ಹಂಪ್ ಬಂದಾಗ ಬಟನ್ ಒತ್ತಿ, ಮೂತಿ ಮೇಲೇಳುವವರೆಗೆ ಕಾಯಿರಿ, ಹಿಂದೆ ಬಸ್ ಹಾರ್ನ್ ಹೊಡೆದರೂ ಕಾಯಿರಿ. ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿ. ಬ್ರೇಕ್ ಹಿಡಿದುಕೊಂಡೇ ಇಳಿಸಬೇಡಿ, ಬ್ರೇಕ್ ಹಿಡಿದಾಗ ಮೂತಿ ಕೆಳಗೆ ಬಾಗುತ್ತದೆ, ತಾಗುವುದು ಆಗಲೇ.

ಸುಗ್ಗಿಯಲ್ಲಿ ಹಾಸನದ ಕಡೆ ರಸ್ತೆ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹರಡಿರುತ್ತಾರೆ. ಅದರ ಮೇಲೆ ಹತ್ತಿಸಲೇಬೇಡಿ. ಈ ಕಾರುಗಳ ಹೊಟ್ಟೆ ನೆಲಕ್ಕೆ ಹತ್ತಿರ, ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು ಬಿಸಿ ಸೈಲೆನ್ಸರ್‌ಗೆ ತಾಗಿದರೆ ಬೆಂಕಿ ಹತ್ತುತ್ತದೆ. ಇಳಿದು ಹೋಗಿ ಕೇಳಿ, ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಾರೆ. ಸಂಜೆಯ ಮೇಲೆ ಆಲೂರು, ಸಕಲೇಶಪುರದ ಕಡೆ ಆನೆ ಓಡಾಟ ಇರುತ್ತದೆ, ಆ ಹೊತ್ತಿನಲ್ಲಿ ತೆಗೆಯದಿರುವುದೇ ವಾಸಿ.

ಮಳೆಗಾಲದಲ್ಲಿ ಶೆಡ್ ನೆಲ ಸಿಮೆಂಟ್ ಆಗಿರಲಿ, ಗಾಳಿ ಆಡಲಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರುತ್ತದೆ, ಬಟ್ಟೆ ಕವರ್ ಹಾಕಿ. ಬ್ಯಾಟರಿಗೆ ನಿಧಾನಕ್ಕೆ ಚಾರ್ಜ್ ಮಾಡುತ್ತಲೇ ಇರುವ ಟ್ರಿಕಲ್ ಚಾರ್ಜರ್ ಸಿಕ್ಕಿಸಿಡಿ, ಕರೆಂಟ್ ಹೋಗಿ ಬಂದಾಗ ಅದು ತಾನೇ ಮತ್ತೆ ಶುರುವಾಗುವಂಥದ್ದನ್ನು ನೋಡಿ ತನ್ನಿ. ಇಲಿ ಕಾಟಕ್ಕೆ ಬೋನು ಇಡಿ, ಹಿಂಡಿ, ಬೂಸಾ ಚೀಲ ಅದೇ ಶೆಡ್‌ನಲ್ಲಿ ಇಡಬೇಡಿ. ಒಂದು ವೈರ್ ಕಡಿದರೂ ಎಲ್ಲಿ ಅಂತ ಹುಡುಕಲು ಬೆಂಗಳೂರಿಗೆ ಸಾಗಿಸಬೇಕಾಗುತ್ತದೆ.

ಸಾಗಿಸುವ ದಾರಿಯನ್ನೂ ಈಗಲೇ ಗೊತ್ತು ಮಾಡಿಡಿ. ಈ ಕಾರುಗಳಲ್ಲಿ ಸ್ಟೆಪ್ನಿ ಇಲ್ಲ, ಗಾಳಿ ತುಂಬುವ ಕಿಟ್ ಅಷ್ಟೇ. ಸಾದಾ ಟೋಯಿಂಗ್ ಗಾಡಿಯವರು ಮುಂದಿನ ಚಕ್ರ ಎತ್ತಿ ಎಳೆಯಲು ಬಂದರೆ ಒಪ್ಪಬೇಡಿ, ಫ್ಲ್ಯಾಟ್‌ಬೆಡ್ಡೇ ಬೇಕು, ಅದೂ ಹಲಗೆ ಪೂರ್ತಿ ನೆಲಕ್ಕೆ ಇಳಿಯುವಂಥದ್ದು. ಹಾಸನದಲ್ಲೋ ಬೆಂಗಳೂರಿನಲ್ಲೋ ಅಂಥ ಗಾಡಿ ಇರುವವರ ನಂಬರ್ ಫೋನಿನಲ್ಲಿರಲಿ. ಬಂಪರ್‌ಗೆ ತಿರುಗಿಸಿ ಹಾಕುವ ಎಳೆಯುವ ಕೊಕ್ಕೆ ಟೂಲ್ ಕಿಟ್‌ನಲ್ಲಿ ಇದೆಯಾ ಅಂತ ಕಾರು ತಗೊಂಡ ದಿನವೇ ನೋಡಿ. ಹಳೆಯ ಕಾರುಗಳಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ, ಇಲ್ಲದಿದ್ದರೆ ಆವತ್ತೇ ಆರ್ಡರ್ ಮಾಡಿ.