ಉಣುಗು ಕಚ್ಚಿದರೆ ಬೇಗ ಕೀಳಬೇಕು, ಯಾಕೆ ಗೊತ್ತಾ?

ಹೆಬ್ರಿ, ಕಾರ್ಕಳ ಕಡೆ ಹಟ್ಟಿಗೆ ತರಗೆಲೆ ತರಲು ಹಾಡಿಗೆ ಹೋಗಿ ಬಂದವರು ಮೊದಲು ಮೈ ನೋಡಿಕೊಳ್ಳಿ. ಕಂಕುಳು, ಮೊಣಕಾಲಿನ ಹಿಂದೆ, ಬಟ್ಟೆ ಬಿಗಿಯುವ ಸೊಂಟದ ಸುತ್ತ, ಮಕ್ಕಳಾದರೆ ಕಿವಿಯ ಹಿಂದೆಯೂ. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ, ಊದುಬತ್ತಿ ಏನೂ ಬೇಡ. ಗಾಬರಿಯಾದ ಉಣುಗು ತನ್ನೊಳಗಿನ ದ್ರವವನ್ನು ಗಾಯಕ್ಕೇ ಬಿಡಬಹುದು. ತುದಿ ಸಪೂರ ಇರುವ ಚಿಮಟದಿಂದ ಚರ್ಮಕ್ಕೆ ತಾಗಿದಲ್ಲೇ ಹಿಡಿದು, ಹೊಟ್ಟೆ ಹಿಚುಕದೆ, ತಿರುಚದೆ, ನಿಧಾನಕ್ಕೆ ನೇರ ಮೇಲಕ್ಕೆ ಎಳೆಯಿರಿ. ಆಮೇಲೆ ಸೋಪು ಹಾಕಿ ತೊಳೆಯಿರಿ.

ಬೇಗ ಯಾಕೆ? ಅಮೆರಿಕ, ಯುರೋಪಿನಲ್ಲಿ ಜಾಸ್ತಿ ಕಾಣುವ, ಉಣುಗಿನಿಂದ ಹರಡುವ ಲೈಮ್ ಕಾಯಿಲೆ ನೋಡಿ. ಅದರ ಬ್ಯಾಕ್ಟೀರಿಯಾ ಬೊರೇಲಿಯಾ. ಅದು ಓಎಸ್‌ಪಿಎ ಎಂಬ ಪ್ರೊಟೀನಿನಿಂದ ಉಣುಗಿನ ಕರುಳಿಗೆ ಅಂಟಿಕೊಂಡಿರುತ್ತದೆ. ಬಿಸಿ ರಕ್ತ ಒಳಗೆ ಬಂದ ಮೇಲೆ ಆ ಪ್ರೊಟೀನ್ ಕಡಿಮೆ ಮಾಡಿ, ಓಎಸ್‌ಪಿಸಿ ಎಂಬ ಇನ್ನೊಂದನ್ನು ತಯಾರಿಸಿ, ಜೊಲ್ಲಿನ ಗ್ರಂಥಿಗೆ ಹೋಗಿ ಅಲ್ಲಿಂದ ನಮ್ಮ ಮೈಗೆ ಇಳಿಯಲು ಸಾಮಾನ್ಯವಾಗಿ 24 ಗಂಟೆಗಿಂತ ಜಾಸ್ತಿ ಬೇಕು. ಒಳಗೆ ಬಂತೋ, ಮತ್ತೆ ಹೊಸ ಹಿಡಿತ. ಡಿಬಿಪಿಎ ಎಂಬ ಪ್ರೊಟೀನ್ ನಮ್ಮ ಚರ್ಮ, ಕೀಲುಗಳಲ್ಲಿರುವ ಡೆಕೊರಿನ್ ಎಂಬ ಪ್ರೊಟೀನನ್ನು ಹಿಡಿಯುತ್ತದೆ, ಬ್ಯಾಕ್ಟೀರಿಯಾದ ಇನ್ನೊಂದು ಪ್ರೊಟೀನ್ ಬಿಬಿಕೆ32 ನಮ್ಮ ಮೈಯ ಫೈಬ್ರೊನೆಕ್ಟಿನ್ ಎಂಬ ಪ್ರೊಟೀನನ್ನು. ಹರಿಯುವ ರಕ್ತದಲ್ಲೂ ನಾಳದ ಗೋಡೆಗೆ ಕಚ್ಚಿ ನಿಲ್ಲಲು ಬಿಬಿಕೆ32 ನೆರವಾಗುತ್ತದೆ.

ನಮ್ಮ ಘಟ್ಟದ ಬದಿಯಲ್ಲಿ ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ ಬೇರೆ, ಅದು ವೈರಸ್; ಲೈಮ್‌ನ 24 ಗಂಟೆಯ ಲೆಕ್ಕ ಅದಕ್ಕೆ ಹಿಡಿಯಬೇಡಿ. ಇನ್ನೂ ಟೈಮ್ ಇದೆಯಲ್ವಾ ಅಂತ ಸುಮ್ನೆ ಕೂರಬೇಡಿ. ಕಚ್ಚಿದ ದಿನ ಬರೆದಿಡಿ. ಜ್ವರ, ಜೋರು ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ, ಉಣುಗು ಕಚ್ಚಿದ್ದನ್ನು ಹೇಳಿ.